ಅವಳೆದುರು ಕೇಳಬೇಡಿ

ಪೂಜಾಶ್ರೀಗೆ ಕಿವಿ ಕೇಳಿಸುತ್ತದೆ. ಮೊದಲು ಈ ಒಂದು ಮಾತು ಹೇಳಿ ಮುಗಿಸಬೇಕು, ಯಾಕೆಂದರೆ ಅವಳ ಮನೆಗೆ ಬಂದುಹೋದ ದೊಡ್ಡ ಮನುಷ್ಯರಲ್ಲಿ ಇದನ್ನು ನಂಬಿದವರು ಒಬ್ಬರೂ ಇಲ್ಲ. ಅವಳಿಗೆ ಮಾತು ಬರುವುದಿಲ್ಲ, ನಿಜ. ಕೂರಲು ಆಗುವುದಿಲ್ಲ. ಕತ್ತು ನಿಲ್ಲುವುದಿಲ್ಲ. ತಲೆ ದೊಡ್ಡದು, ಕೈಕಾಲು ಒಣಗಿದ ಗೆಲ್ಲಿನಂತೆ ಸೆಟೆದುಕೊಂಡಿವೆ. ಪ್ರಾಯ ಹದಿನೇಳು. ಆದರೆ ಕಿವಿಗೆ ಎಂಥದೂ ಆಗಿಲ್ಲ. ನೆರೆಮನೆಯ ಮರಿಯುಮ್ಮ ಬೇಲಿಯಾಚೆ ನಿಂತು ಕೋಳಿಗೆ ಬೈದರೆ ಇವಳು ಈಚೆ ಚಾಪೆಯಲ್ಲಿ ಬಿದ್ದುಕೊಂಡೇ ನಗುತ್ತಾಳೆ. ಅವಳ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ಎಡಗೈಯ ಬೆರಳುಗಳು ಒಳಕ್ಕೆ ಮಡಚಿ, ಉಗುರು ಅಂಗೈಗೆ ನಾಟುವಷ್ಟು ಬಿಗಿಯಾಗುತ್ತವೆ. ಆಮೇಲೆ ತಾಯಿ ಕಮಲ ತೆಂಗಿನೆಣ್ಣೆ ಹಚ್ಚಿ, ಒಂದೊಂದೇ ಬೆರಳನ್ನು ಉಜ್ಜಿ ಬಿಡಿಸಬೇಕಾಗುತ್ತದೆ.

ಅವಳ ಅಪ್ಪ ಪೂವಪ್ಪ ಗೇರುತೋಟದ ಕೂಲಿ. ಮುಳ್ಳೇರಿಯದಿಂದ ಒಳಗೆ, ಗುಡ್ಡದ ಮೇಲೆಲ್ಲ ಗೇರು. ಹೆಲಿಕಾಪ್ಟರು ಬಂದು ಮರಗಳ ಮೇಲೆ ವಿಷ ಬಿಡುತ್ತಿದ್ದ ಕಾಲದಲ್ಲಿ ಆ ವಿಷವನ್ನು ಡ್ರಮ್ಮಿಗೆ ಸುರಿದು ಕೋಲಿನಿಂದ ಕದಡುವ ಕೆಲಸ ಅವನದು. ಕೋಲು ಸಿಗದ ದಿನ ಕೈಯಿಂದಲೇ. ವಿಷ ಅಂತ ಯಾರೂ ಹೇಳಿರಲಿಲ್ಲ. ಮದ್ದು ಅಂದಿದ್ದರು. ಮದ್ದು ಅಂದರೆ ಯಾರು ಹೆದರುತ್ತಾರೆ ಹೇಳಿ? ಕಮಲ ಏಳು ತಿಂಗಳ ಬಸುರಿ, ಬಾವಿಯ ನೀರಿನ ಮೇಲೆ ಬೆಳ್ಳನೆ ಕೆನೆ ಕಟ್ಟಿದ್ದನ್ನು ಬಟ್ಟೆಯಲ್ಲಿ ಸೋಸಿ ಕುಡಿದಳು. ಹುಟ್ಟಿದ್ದು ಪೂಜಾಶ್ರೀ. ಅವಳು ಸಣ್ಣವಳಿರುವಾಗಲೇ ಪೂವಪ್ಪ ಹೊಟ್ಟೆಯಲ್ಲಿ ಗಡ್ಡೆಯಾಗಿ, ರಕ್ತ ಕಾರಿ ಸತ್ತ. ಹೆಣದ ಪಕ್ಕದಲ್ಲಿ ಕೂತು ಅಳುತ್ತಿದ್ದ ಅವನ ಅಕ್ಕ, ಚಾಪೆಯ ಮೇಲಿದ್ದ ಪೂಜಾಶ್ರೀಯ ಕಡೆ ಬೆರಳು ತೋರಿಸಿ, "ದೇವರಿಗೆ ಕಣ್ಣಿಲ್ಲ, ಇವನ ಬದಲು ಇದನ್ನು ಕರ್ಕೊಂಡು ಹೋಗ್ಬಾರದಿತ್ತಾ?" ಅಂದಳು. ಕಮಲ ಎದ್ದಳು. ಅತ್ತಿಗೆಯ ರಟ್ಟೆ ಹಿಡಿದಳು. ಹೆಣ ಎತ್ತುವ ಮೊದಲೇ ಅವಳನ್ನು ಅಂಗಳಕ್ಕೆ ಎಳೆದು ಹಾಕಿದಳು. ಊರು ಬಾಯಿಗೆ ಬಂದದ್ದು ಮಾತಾಡಿತು. ಆಡಲಿ ಬಿಡಿ.

ಅಂದಿನಿಂದ ಆ ಮನೆಯಲ್ಲಿ ಒಂದು ಕಟ್ಟಳೆ. ಮಗಳ ಬಗ್ಗೆ ಮಗಳೆದುರು ಕೆಟ್ಟ ಮಾತು ಆಡಕೂಡದು. ಕಮಲಳ ಬಳಿ ಬೇರೆ ಎಂಥ ಆಸ್ತಿಯೂ ಇರಲಿಲ್ಲ. ಇದೊಂದನ್ನು ಗಟ್ಟಿ ಹಿಡಿದುಕೊಂಡಿದ್ದಳು.

ಕಮಲಳ ಕೆಲಸ ಎಷ್ಟು ಅಂತ ಕೇಳಬೇಡಿ. ಬೆಳಕು ಹರಿಯುವಾಗ ಮಗಳ ಅಡಿಯ ಬಟ್ಟೆ ತೆಗೆಯಬೇಕು. ತೊಡೆ ಒರೆಸಬೇಕು, ಬೆನ್ನು ಹುಣ್ಣಾಗಿದೆಯೋ ಅಂತ ನೋಡಬೇಕು. ಹದಿನೇಳರ ಹುಡುಗಿಯ ಮೈ, ಮುಟ್ಟಾಗುತ್ತದೆ. ಅದನ್ನೂ ತಾಯಿಯೇ ತೊಳೆಯಬೇಕು. ಕಂಕುಳಿಗೆ ಕೈ ಹಾಕಿ ಎತ್ತಿ, ಎದೆಗೆ ಒರಗಿಸಿ, ಗಂಜಿಯನ್ನು ಕಿವುಚಿ ಚಮಚದಲ್ಲಿ ಇಳಿಸಬೇಕು. ಗಂಟಲಲ್ಲಿ ಸಿಕ್ಕಿದರೆ ಬೆನ್ನು ತಟ್ಟಬೇಕು. ಕಮಲಳ ಬಲ ಭುಜ ಎಡಕ್ಕಿಂತ ಕೆಳಗೆ ಇಳಿದುಹೋಗಿದೆ. ಸೊಂಟ ಹಿಡಿದ ದಿನ ಅವಳು ಮೊಣಕಾಲಲ್ಲಿ ತೆವಳಿಕೊಂಡು ಇದೆಲ್ಲ ಮಾಡುತ್ತಾಳೆ. ಇದರ ನಡುವೆ ಫಿಟ್ಸು. ಫಿಟ್ಸು ಬಂದರೆ ಹುಡುಗಿಯ ಮೈ ಬಿಲ್ಲಿನಂತೆ ಬಾಗಿ, ತಲೆ ನೆಲಕ್ಕೆ ಬಡಿಯುತ್ತದೆ. ನೆಲಕ್ಕೂ ತಲೆಗೂ ನಡುವೆ ಕಮಲ ತನ್ನ ಅಂಗೈ ಇಡುತ್ತಾಳೆ.

ಫಿಟ್ಸಿಗೆ ಒಂದು ಸಿರಪ್ಪು ಉಂಟು. ಅದು ಕೊಟ್ಟರೆ ಹುಡುಗಿ ವಾರಗಟ್ಟಲೆ ಸುಖವಾಗಿ ಇರುತ್ತಾಳೆ. ಸರಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ಸ್ಟಾಕ್ ಇಲ್ಲ. ಅಂಗಡಿಯಿಂದ ತರುವ ತಾಕತ್ತು ಕಮಲಳಿಗೆ ಇಲ್ಲ. ಅದನ್ನು ತರುತ್ತಿದ್ದದ್ದು ವಿದ್ಯಾನಗರದ ಒಂದು ಆರೈಕೆ ಕೇಂದ್ರದವರ ವ್ಯಾನು. ಹಾಸಿಗೆ ಹಿಡಿದವರ ಮನೆಗೆ ನರ್ಸನ್ನು ಕರೆದುಕೊಂಡು ಬರುವ ವ್ಯಾನು. ನರ್ಸು ಹುಣ್ಣಿಗೆ ಪಟ್ಟಿ ಹಾಕುವಳು, ಸಿರಪ್ಪಿನ ಬಾಟಲಿ ಕೊಡುವಳು, "ಪೂಜಾ, ಚಂದ ಇದ್ದೀ ಮಾರಾಯ್ತಿ" ಅಂತ ಕೆನ್ನೆ ತಟ್ಟಿ ಹೋಗುವಳು. ಆ ವ್ಯಾನು ಇರುವಷ್ಟು ದಿನ ಕಮಲ ಯಾರ ಮುಂದೆಯೂ ಕೈ ಚಾಚಲಿಲ್ಲ.

2013ರಲ್ಲಿ ಮಳೆ ಕಳೆದ ಮೇಲೆ ಅದೇ ಕೇಂದ್ರದವರು ಒಂದು ಅಧ್ಯಯನ ಶುರು ಮಾಡಿದರು. ಯಾರ ಬದುಕು ಎಷ್ಟು ಕಷ್ಟದಲ್ಲಿ ಉಂಟು ಅಂತ ಅಳೆಯುವುದಂತೆ. ಅಳೆದು, ತೀರಾ ಕಷ್ಟದಲ್ಲಿ ಇರುವವರಿಗೆ ಮಾತ್ರ ವ್ಯಾನು ಕಳಿಸುವುದಂತೆ. ಕೇಳಲು ಬಂದವಳು ರಂಶೀನಾ ಅನ್ನುವ ಹುಡುಗಿ. ತಲೆಗೆ ನೀಲಿ ಶಾಲು, ಕೈಯಲ್ಲಿ ಕಾಗದದ ಕಟ್ಟು. ಪಾಪದ ಹುಡುಗಿ, ಒಳ್ಳೆಯವಳೇ. ಕಮಲ ಕೊಟ್ಟ ಕಪ್ಪು ಚಾಯ ಕುಡಿದು ಚಾಪೆಯ ತುದಿಯಲ್ಲೇ ಕೂತಳು.

"ಕಮಲಕ್ಕಾ, ಇದು ಜೀವನದ ಗುಣಮಟ್ಟದ ಅಧ್ಯಯನ."

"ಗುಣಮಟ್ಟವಾ? ಅದು ರೇಷನ್ ಅಕ್ಕಿಗೆ ಹೇಳುದಲ್ವಾ?"

ರಂಶೀನಾ ನಕ್ಕಳು. "ನಾನು ಕೇಳ್ತಾ ಹೋಗ್ತೇನೆ. ಯಾವಾಗಲೂ, ಆಗಾಗ, ಕೆಲವು ಸರ್ತಿ, ಅಪರೂಪಕ್ಕೆ, ಇಲ್ಲವೇ ಇಲ್ಲ. ಈ ಐದರಲ್ಲಿ ಒಂದು ಹೇಳಿದ್ರೆ ಸಾಕು."

ಕಾಗದದಲ್ಲಿ ಇದ್ದದ್ದು ಮಲಯಾಳ, ಅಲ್ಲಿಯ ಸರಕಾರದ ಭಾಷೆ. ಬ್ಯಾರಿ ಮನೆಯ ಹುಡುಗಿ ಅದನ್ನು ಓದಿ ಕನ್ನಡದಲ್ಲಿ ಕೇಳಬೇಕು. ಕಮಲ ಅದನ್ನು ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಬೇಕು. ಬಡವರ ಒಂದು ನೋವು ಕಾಗದಕ್ಕೆ ಹತ್ತಬೇಕಾದರೆ ಇಷ್ಟೆಲ್ಲ ಹಳ್ಳ ತೋಡು ದಾಟಬೇಕು.

ಮಗಳು ನಗುತ್ತಾಳಾ? ಆಗಾಗ. ಊಟ ಸೇರುತ್ತದಾ? ಕಿವುಚಿ ಕೊಟ್ಟರೆ ಯಾವಾಗಲೂ. ನೆರೆಯವರು ಸಹಾಯ ಮಾಡುತ್ತಾರಾ? ಮರಿಯುಮ್ಮ ಇದ್ದಾರೆ, ಯಾವಾಗಲೂ. ಮನೆಯಲ್ಲಿ ಎಲ್ಲರಿಗೂ ಇವಳ ಮೇಲೆ ಪ್ರೀತಿ ಉಂಟಾ?

"ಎಂತ ಕೇಳ್ತೀ ಮಾರಾಯ್ತಿ? ಮನೆಯಲ್ಲಿ ಇರುದೇ ನಾನೊಬ್ಬಳು. ಯಾವಾಗಲೂ ಅಂತ ಬರಿ. ದೊಡ್ಡ ಅಕ್ಷರದಲ್ಲಿ ಬರಿ."

ಪೂಜಾಶ್ರೀ ನಕ್ಕಳು. ಅವಳಿಗೆ ಅಮ್ಮನ ಈ ಜೋರು ಇಷ್ಟ. ರಂಶೀನಾ ಹಾಳೆ ತಿರುಗಿಸಿದಳು. ಅಲ್ಲಿ ಅವಳ ದನಿ ಸಣ್ಣದಾಯಿತು.

"ಮಗಳು ನೋವಿನಿಂದ ಕಿರುಚುದುಂಟಾ? ಇವಳನ್ನು ನೋಡಿಕೊಳ್ಳುದು ನಿಮಗೆ ಭಾರ ಅನ್ನಿಸಿದ್ದುಂಟಾ? ಸಿಟ್ಟಿನಲ್ಲಿ ಹೊಡೆದದ್ದುಂಟಾ? ಇವಳು ಸತ್ತುಹೋದ್ರೆ..."

"ನಿಲ್ಸು," ಅಂದಳು ಕಮಲ.

ಎಡಗೈಯ ಬೆರಳುಗಳು ಆಗಲೇ ಮಡಚತೊಡಗಿದ್ದವು. ಕಮಲ ಆ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದಳು. "ಇದನ್ನೆಲ್ಲ ಇವಳೆದುರು ಕೇಳಬೇಡ ಮಗಾ."

"ಇವಳಿಗೆ ಗೊತ್ತಾಗುದಿಲ್ಲ ಅಲ್ವಾ ಅಕ್ಕಾ?"

"ನಿನಗೆಷ್ಟು ಗೊತ್ತಾಗ್ತದಾ ಅಷ್ಟೇ ಗೊತ್ತಾಗ್ತದೆ."

ರಂಶೀನಾ ಹುಡುಗಿಯ ಮುಖ ನೋಡಿದಳು. ಹುಡುಗಿ ಅವಳನ್ನೇ ನೋಡುತ್ತಿದ್ದಳು. ಅವಳಿಗೆ ನಾಚಿಕೆಯಾಯಿತು. "ಹಾಗಾದ್ರೆ ಜಗಲಿಗೆ ಬನ್ನಿ, ಅಲ್ಲಿ ಹೇಳಿ." ಜಗಲಿಗೂ ಚಾಪೆಗೂ ನಡುವೆ ಇದ್ದದ್ದು ಒಂದು ತೆಂಗಿನ ಮಡಲಿನ ತಟ್ಟಿ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತದೆ. "ನಾಳೆ ಬಾ. ಇವಳು ನಿದ್ದೆ ಹೋದ ಮೇಲೆ ಮರಿಯುಮ್ಮನ ಮನೆಯಲ್ಲಿ ಕೂತು ಎಲ್ಲ ಹೇಳ್ತೇನೆ. ಒಂದನ್ನೂ ಮುಚ್ಚಿಡುದಿಲ್ಲ," ಅಂದಳು ಕಮಲ. ಅಷ್ಟರಲ್ಲಿ ಕೆಳಗೆ ರಸ್ತೆಯಿಂದ ಕೇಂದ್ರದ ಜೀಪು ಹಾರ್ನು ಹೊಡೆಯಿತು. ರಂಶೀನಾ ಆ ನಾಲ್ಕು ಪ್ರಶ್ನೆಗಳ ಮುಂದೆ ಏನೂ ಗುರುತು ಹಾಕಲಿಲ್ಲ. ಹಾಳೆಯ ಬದಿಯಲ್ಲಿ ಪೆನ್ಸಿಲಿನಲ್ಲಿ, ಮಗಳೆದುರು ಹೇಳುವುದಿಲ್ಲ, ಇನ್ನೊಮ್ಮೆ ಬರಬೇಕು ಅಂತ ಬರೆದುಕೊಂಡಳು. ತನ್ನ ಫೋನು ನಂಬರು ಬರೆದುಕೊಟ್ಟು, ಖಂಡಿತ ಬರ್ತೇನೆ ಅಕ್ಕಾ ಅಂದಳು. ಮರುದಿನ ಅವಳನ್ನು ಬೇರೆ ಪಂಚಾಯತಿಗೆ ಹಾಕಿದರು. ಬರಲಿಲ್ಲ.

ಬಾರದೆ ಇದ್ದದ್ದು ಅವಳು ಮಾತ್ರ ಅಲ್ಲ. ಕ್ರಿಸ್ಮಸ್ ರಜೆ ಕಳೆದ ಮೇಲೆ ವ್ಯಾನೂ ಬರಲಿಲ್ಲ.

ಕಮಲ ದಾರಿಯ ತುದಿಗೆ ಬಂದು ನಿಂತಳು. ಮರಿಯುಮ್ಮನೂ ಬಂದು ನಿಂತರು. ಒಂದು ವಾರ, ಇನ್ನೊಂದು ವಾರ. "ಟಯರು ಹೋಗಿರ್ಬೇಕು ಕಮಲಾ," ಅಂದರು ಮರಿಯುಮ್ಮ. ಯಾವ ಟಯರು, ಎಂಥದು? ವ್ಯಾನು ಕೆಳಗಿನ ರಸ್ತೆಯಲ್ಲೇ ಹೋಗುತ್ತಿತ್ತು, ಇವರ ದಾರಿಗೆ ತಿರುಗುತ್ತಿರಲಿಲ್ಲ ಅಷ್ಟೇ. ಬಾಟಲಿಯ ತಳಕ್ಕೆ ಬಂದಿದ್ದ ಸಿರಪ್ಪನ್ನು ಕಮಲ ಅರ್ಧ ಮಾಡಿ ಕೊಟ್ಟಳು, ಆಮೇಲೆ ಕಾಲು ಮಾಡಿ ಕೊಟ್ಟಳು. ಆಮೇಲೆ ನೀರು ಹಾಕಿ ಬಾಟಲಿ ತೊಳೆದು ಆ ನೀರನ್ನು ಕುಡಿಸಿದಳು. ಫಿಟ್ಸು ಒಂದರ ಹಿಂದೆ ಒಂದು ಬಂತು. ಹುಡುಗಿ ನಾಲಿಗೆ ಕಚ್ಚಿಕೊಂಡಳು. ಬಾಯಿಯಿಂದ ಇಳಿದ ರಕ್ತ ಕಮಲಳ ಸೀರೆಯ ಮೇಲೆ ಒಣಗಿ ಅಂಟಿತು. ತಲೆಯ ಕೆಳಗೆ ಇಟ್ಟ ಅಂಗೈಯ ಗೆಣ್ಣುಗಳು ನೆಲಕ್ಕೆ ಜಜ್ಜಿ ನೀಲಿಯಾದವು.

ಮರಿಯುಮ್ಮನ ಮಗನ ಮೊಬೈಲಿನಿಂದ ಕಮಲ ರಂಶೀನಾಳಿಗೆ ಫೋನು ಹಚ್ಚಿದಳು.

"ನಿಮ್ಮ ಸ್ಕೋರು ಜಾಸ್ತಿ ಬಂದಿದೆ ಅಕ್ಕಾ," ಅಂದಳು ಅವಳು ಆ ಕಡೆಯಿಂದ. "ಜಾಸ್ತಿ ಅಂದ್ರೆ, ಪೂಜಾಶ್ರೀಯ ಜೀವನ ಪರವಾಗಿಲ್ಲ ಅಂತ ಬಂದಿದೆ. ಅದಕ್ಕೇ ವ್ಯಾನು ನಿಲ್ಲಿಸಿದ್ದು."

"ಪರವಾಗಿಲ್ಲ?"

"ನೀವು ಆಫೀಸಿಗೆ ಬನ್ನಿ ಅಕ್ಕಾ. ಡಾಕ್ಟರು ಇರ್ತಾರೆ. ಶುಕ್ರವಾರ ಪಟ್ಟಿ ತಿರುವನಂತಪುರಕ್ಕೆ ಹೋಗ್ತದೆ. ಅದರ ಮೊದಲು ಬನ್ನಿ. ಮಗಳನ್ನು ಕರ್ಕೊಂಡೇ ಬರ್ಬೇಕು."

ಕರೆದುಕೊಂಡು ಬರುವುದು! ಹೇಳಲು ಏನು, ಬಾಯಿ ಇದ್ದರೆ ಸಾಕು. ಕಮಲ ಮಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡಳು. ಹುಡುಗಿಯ ಕಾಲು ಕಮಲಳ ಮೊಣಕಾಲಿಗೆ ಬಡಿಯುತ್ತಿತ್ತು. ತಲೆ ಹಿಂದಕ್ಕೆ ಬೀಳದ ಹಾಗೆ ಮರಿಯುಮ್ಮ ಹಿಂದಿನಿಂದ ಹಿಡಿದುಕೊಂಡು ಗುಡ್ಡ ಇಳಿಸಿದರು. ಬಸ್ಸಿಗೆ ಹತ್ತಿಸಿ, ಆಡಿಗೆ ಮೇವು ಹಾಕುವವರು ಯಾರೂ ಇಲ್ಲ ಅಂತ ಕಣ್ಣು ಒರೆಸಿಕೊಂಡು ಮನೆಗೆ ವಾಪಸು ಹೋದರು.

ಬಸ್ಸಿನಲ್ಲಿ ಜನ. ಕಿಟಕಿ ಬದಿಯ ಹೆಂಗಸು ಸೀರೆ ಒತ್ತಿಕೊಂಡು ಜಾಗ ಬಿಟ್ಟಳು, ಆಮೇಲೆ ಎದ್ದೇ ಹೋದಳು. ಚೆರ್ಕಳದ ತಿರುವಿನಲ್ಲಿ ಪೂಜಾಶ್ರೀಗೆ ಮೂತ್ರ ಹೋಯಿತು. ಸೀಟಿನಿಂದ ಇಳಿದು, ನೆಲದಲ್ಲಿ ಹರಿದು, ಮುಂದೆ ನಿಂತಿದ್ದವರ ಚಪ್ಪಲಿಯ ಅಡಿಗೆ ಹೋಯಿತು. "ಅಯ್ಯಯ್ಯೋ" ಅಂತ ಒಬ್ಬ ಕಾಲು ಎತ್ತಿದ. ಕಂಡಕ್ಟರು ಒಂದು ಹಳೆಯ ಪೇಪರು ತಂದು ಕಮಲಳ ಮಡಿಲಿಗೆ ಬಿಸಾಡಿದ. "ಇಂಥವರನ್ನು ಕರ್ಕೊಂಡು ಬರುವಾಗ ಆಟೋ ಮಾಡ್ಬೇಕು ಅಕ್ಕಾ." ಕಮಲ ಬಗ್ಗಿ ನೆಲ ಒರೆಸಿದಳು. ಒಂದು ಕೈಯಲ್ಲಿ ಮಗಳನ್ನು ಹಿಡಿದು ಇನ್ನೊಂದರಲ್ಲಿ ಒರೆಸಿದಳು. ಎಲ್ಲರೂ ನೋಡುತ್ತಿದ್ದರು. ಅವಳಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗಳಿಗೆ ಕೇಳುವಂತೆ ಮಾತ್ರ, "ಎಂತದೂ ಇಲ್ಲ ಬಾಲೆ, ನೀರು ಚೆಲ್ಲಿದ್ದು," ಅಂದಳು.

ವಿದ್ಯಾನಗರದಲ್ಲಿ ಕಲೆಕ್ಟರೇಟಿನ ಹಿಂದಿನ ರಸ್ತೆಯಲ್ಲಿ ಕೇಂದ್ರದ ಆಫೀಸು. ಬಾಡಿಗೆ ಮನೆ, ನೆಲಕ್ಕೆ ಬಿಳಿ ಟೈಲು. ಕಮಲ ಮಗಳನ್ನು ಟೈಲಿನ ಮೇಲೆ ಮಲಗಿಸಿ, ತಲೆ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕಾದಳು. ರಂಶೀನಾ ಒಂದು ಕುರ್ಚಿ ತಂದಿಟ್ಟಳು. ಕುರ್ಚಿಯಲ್ಲಿ ಕೂರುವ ಹುಡುಗಿಯಾ ಇದು? ಕುರ್ಚಿ ಹಾಗೆಯೇ ಉಳಿಯಿತು.

ಡಾಕ್ಟರ ಹೆಸರು ಹರಿನಾರಾಯಣ. ಅಗಲ್ಪಾಡಿ ಕಡೆಯವರೇ, ಕನ್ನಡ ಚೆನ್ನಾಗಿ ಬರುತ್ತದೆ. ಗದರಿಸುವ ಜನ ಅಲ್ಲ. ಗದರಿಸುವವರಾದರೆ ತಿರುಗಿ ಗದರಿಸಬಹುದು. ಇವರು ಮೆತ್ತಗೆ ಮಾತಾಡುವ ಜಾತಿ. ಕಂಪ್ಯೂಟರಿನಲ್ಲಿ ನೋಡಿ, "ಹೌದಮ್ಮ, ಸ್ಕೋರು ಗೆರೆಗಿಂತ ಮೇಲೆ ಉಂಟು," ಅಂದರು.

"ಅವಳು ಇಲ್ಲಿ ಬಿದ್ದುಕೊಂಡಿದ್ದಾಳೆ ಡಾಕ್ಟ್ರೇ. ನಾಲಿಗೆ ನೋಡಿ. ಎಲ್ಲಿಯ ಪರವಾಗಿಲ್ಲ?"

"ನಾನು ಹಾಕಿದ್ದಲ್ಲ ಅದು. ನಿಮ್ಮ ಉತ್ತರಗಳಿಂದಲೇ ಬಂದದ್ದು."

"ನಾನು ನಾಲ್ಕಕ್ಕೆ ಉತ್ತರವೇ ಹೇಳಲಿಲ್ಲ."

"ಅದೇ, ಬಿಟ್ಟುಹೋದದ್ದು ಇರ್ತದಲ್ಲ, ಅದಕ್ಕೆ ಒಂದು ಕ್ರಮ ಉಂಟು." ಡಾಕ್ಟರು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. "ಒಂದು ಗುಂಪಿನಲ್ಲಿ ಅರ್ಧದಷ್ಟಾದ್ರೂ ಪ್ರಶ್ನೆಗೆ ಉತ್ತರ ಇದ್ರೆ, ಉಳಿದದ್ದಕ್ಕೆ ಅವುಗಳ ಸರಾಸರಿ ಹಾಕುದು. ಎಲ್ಲ ಕಡೆ ಮಾಡುದು ಹಾಗೆ. ಇಲ್ಲದಿದ್ರೆ ನಿಮ್ಮ ಇಡೀ ಫಾರ್ಮನ್ನೇ ಬಿಸಾಡ್ಬೇಕಾಗ್ತದೆ."

ಕಮಲಳಿಗೆ ಸರಾಸರಿ ಗೊತ್ತಿಲ್ಲದ್ದೇನಲ್ಲ. ಅವಳು ಮೆಲ್ಲಗೆ ಕೇಳಿದಳು. "ಅಂದ್ರೆ, ಅವಳು ನಗ್ತಾಳೆ ಅಂತ ಹೇಳಿದೆನಲ್ಲ. ಅದನ್ನು ತೆಗೆದು ನೋವಿನ ಜಾಗಕ್ಕೆ ಹಾಕಿದ್ರಾ?"

"ಹಾಗಲ್ಲ..."

"ಮರಿಯುಮ್ಮ ಸಹಾಯ ಮಾಡ್ತಾರೆ ಅಂತ ಹೇಳಿದೆ. ಅದನ್ನು ತೆಗೆದು ಹೊಡೆಯುವ ಜಾಗಕ್ಕೆ ಹಾಕಿದ್ರಾ? ನಾನು ಬಾಯಿ ಮುಚ್ಚಿದ ಕಡೆಯೆಲ್ಲ ನೀವೇ ನನ್ನ ಬಾಯಿ ಆದ್ರಾ?"

ಡಾಕ್ಟರು ರಂಶೀನಾಳನ್ನು ನೋಡಿದರು. ಅವಳು ತಲೆ ತಗ್ಗಿಸಿ, "ಸರ್, ನಾನು ಬದಿಯಲ್ಲಿ ಬರೆದಿದ್ದೆ," ಅಂದಳು. "ಬದಿಯಲ್ಲಿ ಬರೆದದ್ದು ಕಂಪ್ಯೂಟರಿಗೆ ಹೋಗುದಿಲ್ಲ ರಂಶೀನಾ," ಅಂದರು ಡಾಕ್ಟರು. ಅದೂ ಮೆತ್ತಗೆ.

ಆಮೇಲೆ ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಒಂದು ದಾರಿ ಉಂಟಮ್ಮ. ಪಟ್ಟಿ ಕಳಿಸುದು ಇವತ್ತು. ಆ ನಾಲ್ಕು ಪ್ರಶ್ನೆಗೆ ಈಗ ಉತ್ತರ ಹೇಳಿ. ನಾನೇ ಹಾಕ್ತೇನೆ. ಸ್ಕೋರು ಇಳಿದ್ರೆ ಮದ್ದು ಇವತ್ತೇ ಕೊಟ್ಟು ಕಳಿಸ್ತೇನೆ. ಬಾಟಲಿ ಇಲ್ಲೇ ಉಂಟು."

ಉಂಟು. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಕಮಲ ಅವುಗಳನ್ನು ಬಂದ ಕೂಡಲೇ ನೋಡಿದ್ದಳು.

"ಹೇಳ್ತೇನೆ. ಹೊರಗೆ ಬನ್ನಿ, ಹೇಳ್ತೇನೆ. ರಂಶೀನಾ ಇವಳ ಹತ್ರ ಕೂತ್ಕೊಳ್ಳಲಿ."

"ಅದು ಆಗುದಿಲ್ಲ. ರೋಗಿ ಜತೆಯಲ್ಲೇ ಇರ್ಬೇಕು, ವೀಡಿಯೊ ಆಗ್ಬೇಕು. ರೋಗಿಯೇ ಇಲ್ಲದೆ ಫಾರ್ಮ್ ತುಂಬಿಸಿದವರು ಇದ್ದಾರೆ ಅಂತ ದೂರು ಬಂತು. ಆಮೇಲೆ ಈ ನಿಯಮ ಮಾಡಿದ್ದು."

"ನಿಮ್ಮ ಕಿವಿಯಲ್ಲಿ ಹೇಳ್ತೇನೆ."

"ವೀಡಿಯೊದಲ್ಲಿ ಕೇಳಿಸ್ಬೇಕಲ್ಲ?"

"ತಲೆ ಆಡಿಸ್ತೇನೆ."

"ಬಾಯಲ್ಲಿ ಹೇಳ್ಬೇಕಮ್ಮ." ಡಾಕ್ಟರು ನಿಟ್ಟುಸಿರು ಬಿಟ್ಟರು. "ನಿಜ ಹೇಳ್ಬೇಕಾದ್ರೆ, ಈ ಸ್ಥಿತಿಯ ಮಕ್ಕಳಿಗೆ ಭಾಷೆ ತಿಳಿಯುದು ಕಷ್ಟ. ನೀವು ತಾಯಿ, ನಿಮಗೆ ಹಾಗೆ ಕಾಣ್ತದೆ. ತಪ್ಪಲ್ಲ."

ಹುಡುಗಿಯ ಎಡಗೈ ಮಡಚಿತು. ಡಾಕ್ಟರು ನೋಡಲಿಲ್ಲ.

ಕಮಲ ಕಪಾಟಿನ ಕಡೆ ನೋಡಿದಳು, ಮಗಳ ನಾಲಿಗೆಯ ಗಾಯ ನೋಡಿದಳು. ಇವತ್ತು ಖಾಲಿ ಕೈಯಲ್ಲಿ ಹೋದರೆ ಮುಂದಿನ ಫಿಟ್ಸಿಗೆ ಉಸಿರು ನಿಲ್ಲಬಹುದು. ನಿಂತರೆ ಈ ಕಟ್ಟಳೆ ಯಾರಿಗೆ, ಈ ಮರ್ಯಾದೆ ಯಾರಿಗೆ? ಜೀವ ಇದ್ದರೆ ಆಮೇಲೆ ಕಾಲು ಹಿಡಿದಾದರೂ ಸಮಾಧಾನ ಮಾಡಬಹುದು ಅಂತ ಅವಳು ಗಟ್ಟಿ ಮಾಡಿಕೊಂಡಳು. ಕೇಳಿ ಅಂದಳು. ಗುಮಾಸ್ತನೊಬ್ಬ ಕ್ಯಾಮೆರಾ ಹಿಡಿದು ನಿಂತ ಕೂಡಲೇ ತನ್ನ ಎರಡು ಅಂಗೈಗಳನ್ನು ಮಗಳ ಎರಡು ಕಿವಿಗಳ ಮೇಲೆ ಒತ್ತಿ ಹಿಡಿದಳು.

"ಕೈ ತೆಗೀರಿ ಅಮ್ಮ, ಮುಖ ಕಾಣುದಿಲ್ಲ," ಅಂದ ವೀಡಿಯೊ ಹಿಡಿದ ಗುಮಾಸ್ತ.

ಕಮಲ ಕೈ ತೆಗೆದಳು.

"ಮಗಳು ನೋವಿನಿಂದ ಕಿರುಚುತ್ತಾಳಾ?" ಡಾಕ್ಟರು ಓದಿದರು.

"ಯಾವಾಗಲೂ."

"ಇವಳು ಭಾರ ಅನ್ನಿಸಿದ್ದುಂಟಾ?"

ಎಷ್ಟು ಹೇಳಿದರೆ ಸ್ಕೋರು ಇಳಿಯುತ್ತದೆ ಅಂತ ಕಮಲಳಿಗೆ ಗೊತ್ತಿರಲಿಲ್ಲ. ಅಪರೂಪಕ್ಕೆ ಅಂದರೆ ಸಾಕಾಗದೆ ಹೋದರೆ? ಸೊಂಟ ಹಿಡಿದ ದಿನ ಅನ್ನಿಸಿದ್ದುಂಟು, ಅದು ನಿಜ. ನಿಜ ಹೇಳಿದರೆ ಬಾಟಲಿ ಸಿಗುತ್ತದೆ ಅಂತ ಯಾರು ಹೇಳಿದರು? "ಯಾವಾಗಲೂ," ಅಂದಳು.

"ಹೊಡೆದದ್ದುಂಟಾ?"

ಒಮ್ಮೆ. ಒಂದೇ ಒಂದು ಸಲ, ಪೂವಪ್ಪ ಸತ್ತ ಮಳೆಗಾಲದಲ್ಲಿ, ಗಂಜಿ ಉಗುಳಿದ್ದಕ್ಕೆ. ಹೊಡೆದು ತಾನೇ ನೆಲಕ್ಕೆ ತಲೆ ಚಚ್ಚಿಕೊಂಡಿದ್ದಳು. "ಯಾವಾಗಲೂ."

"ಇವಳು ಸತ್ತುಹೋದ್ರೆ ಒಳ್ಳೆದಿತ್ತು ಅಂತ ಅನ್ನಿಸಿದ್ದುಂಟಾ?"

ರಂಶೀನಾ ಮುಖ ಆಚೆ ತಿರುಗಿಸಿದಳು. ಕಮಲ ಗೋಡೆ ನೋಡುತ್ತಾ ಹೇಳಿದಳು. ದನಿ ಬರಲಿಲ್ಲ. "ಇನ್ನೊಮ್ಮೆ ಅಮ್ಮ, ಕೇಳಿಸಲಿಲ್ಲ," ಅಂದ ಗುಮಾಸ್ತ.

"ಯಾವಾಗಲೂ! ಯಾವಾಗಲೂ! ಸಾಕಾ?"

ಸಾಕಾಯಿತು. ಡಾಕ್ಟರು ಗುಂಡಿ ಒತ್ತಿದರು. ಗೆರೆಗಿಂತ ಕೆಳಗೆ ಬಂತು. ಬಹಳ ಕೆಳಗೆ. "ನೋಡಿದ್ರಾ, ಎಷ್ಟು ಸುಲಭ!" ಅಂದರು. ನಿಜವಾಗಿಯೂ ಅವರಿಗೆ ಖುಷಿಯಾಗಿತ್ತು. ತಾವೇ ಎದ್ದು ಕಪಾಟು ತೆರೆದು ಬಾಟಲಿ ತಂದು ಕೊಟ್ಟರು. ಮುಂದಿನ ವಾರದಿಂದ ವ್ಯಾನು ಬರುತ್ತದೆ ಅಂದರು.

ಕಮಲ ಅಲ್ಲೇ ಮುಚ್ಚಳ ತೆಗೆದು ಸಿರಪ್ಪನ್ನು ಚಮಚಕ್ಕೆ ಸುರಿದು ಮಗಳ ತುಟಿಗೆ ಹಿಡಿದಳು. "ಕುಡಿ ಬಾಲೆ."

ಪೂಜಾಶ್ರೀ ಬಾಯಿ ತೆರೆಯಲಿಲ್ಲ.

ಕಮಲ ಚಮಚದ ತುದಿಯಿಂದ ತುಟಿ ಬಿಡಿಸಲು ನೋಡಿದಳು. ಹಲ್ಲು ಕಚ್ಚಿಕೊಂಡಿದ್ದವು. ಫಿಟ್ಸಲ್ಲ. ಫಿಟ್ಸು ಯಾವುದು, ಅಲ್ಲದ್ದು ಯಾವುದು ಅಂತ ಈ ತಾಯಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ನಿಲ್ಲದ ಕತ್ತನ್ನು ಹೇಗೋ ಎಳೆದು, ಬೆವೆತು, ಮುಖವನ್ನು ಅಮ್ಮನಿಂದ ಆಚೆಗೆ ತಿರುಗಿಸಿದ್ದಳು. ಸಿರಪ್ಪು ಗಲ್ಲದ ಮೇಲೆ ಇಳಿದು ಬಿಳಿ ಟೈಲಿಗೆ ಬಿತ್ತು.

"ಸುಳ್ಳು ಮಗಾ," ಕಮಲ ತುಳುವಿನಲ್ಲಿ ಅವಳ ಕಿವಿಗೆ ಬಾಯಿ ಇಟ್ಟು ಹೇಳಿದಳು. "ನಾನು ಹೇಳಿದ್ದೆಲ್ಲ ಸುಳ್ಳು. ಈ ಮದ್ದಿಗೋಸ್ಕರ ಹೇಳಿದ್ದು. ನೀನು ಸತ್ತರೆ ನಾನು ಇರ್ತೇನಾ? ಬಾಯಿ ತೆರಿ. ನನ್ನ ಚಿನ್ನ ಅಲ್ವಾ, ಬಾಯಿ ತೆರಿ." ಹೇಳಿದಳು, ಮತ್ತೆ ಹೇಳಿದಳು, ಅತ್ತಳು. ಹುಡುಗಿ ಕಣ್ಣು ಬಿಡಲಿಲ್ಲ.

ಆಗ ಕಮಲ ಎದ್ದಳು. ಚಮಚ ನೆಲಕ್ಕೆ ಬಿತ್ತು.

"ಅಳಿಸಿ ಡಾಕ್ಟ್ರೇ."

"ಎಂತದ್ದು?"

"ನಾನು ಈಗ ಹೇಳಿದ್ದು. ಅಳಿಸಿ ಅದನ್ನು."

"ಅಳಿಸಿದ್ರೆ ಮತ್ತೆ ಮೊದಲಿನ ಸ್ಕೋರೇ ಆಗ್ತದಮ್ಮ. ಮದ್ದು ವಾಪಸು ಕೊಡ್ಬೇಕಾಗ್ತದೆ."

"ಮದ್ದೂ ಬೇಕು ನನಗೆ. ಅದನ್ನು ಅಳಿಸಲೂ ಬೇಕು."

"ಎರಡೂ ಆಗುದು ಹೇಗೆ?"

"ಹೇಗೆ ಅಂತ ನನ್ನತ್ರ ಕೇಳ್ತೀರಾ? ನಾನು ಬಾಯಿ ಮುಚ್ಚಿದ್ರೆ ಅದರಲ್ಲಿ ಬೇಕಾದದ್ದು ತುಂಬಿಸಲಿಕ್ಕೆ ನಿಮಗೆ ಗೊತ್ತುಂಟು. ಅವಳ ಕಿವಿಗೆ ಹೋದದ್ದನ್ನು ತೆಗೆಯಲಿಕ್ಕೆ ಗೊತ್ತಿಲ್ವಾ? ಅದಕ್ಕೆ ಕ್ರಮ ಇಲ್ವಾ ನಿಮ್ಮ ಪುಸ್ತಕದಲ್ಲಿ? ವಿಷ ಬಿಡುವಾಗ ನಮ್ಮತ್ರ ಒಂದು ಪ್ರಶ್ನೆ ಕೇಳಿದವರಿಲ್ಲ. ನನ್ನ ಗಂಡನ ಕೈಯನ್ನು ಡ್ರಮ್ಮಿಗೆ ಹಾಕಿಸುವಾಗ ಯಾವಾಗಲೂ, ಅಪರೂಪಕ್ಕೆ ಅಂತ ಕೇಳಿದವರಿಲ್ಲ. ಈಗ ತಾಯಿಯ ಬಾಯಿಂದ ಮಗಳಿಗೆ ಸಾಯಿ ಅಂತ ಹೇಳಿಸಿದ್ರಿ. ಹೇಳಿಸಿ, ಎಷ್ಟು ಸುಲಭ ಅಂದ್ರಿ!"

ಪಕ್ಕದ ಕೋಣೆಯವರೆಲ್ಲ ಎದ್ದು ಬಂದರು. ಡಾಕ್ಟರ ಮುಖ ಕೆಂಪಾಯಿತು. "ರಂಶೀನಾ, ಇವರಿಗೆ ಸ್ವಲ್ಪ ನೀರು ಕೊಡು. ನಾನು ಊಟ ಮಾಡಿ ಬರ್ತೇನೆ. ಬಂದು ಮಾತಾಡುವ," ಅಂತ ಬಾಗಿಲ ಕಡೆ ಹೊರಟರು.

ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಕಮಲ ಮಗಳನ್ನು ಬಾಚಿ ಎತ್ತಿಕೊಂಡು ಅವರಿಗಿಂತ ಮೊದಲು ಅಲ್ಲಿಗೆ ಹೋದಳು. ಹೊಸ್ತಿಲಿನ ಉದ್ದಕ್ಕೆ ಮಗಳನ್ನು ಎದೆಗೆ ಒತ್ತಿಕೊಂಡು ತಾನೂ ಮಲಗಿಬಿಟ್ಟಳು. ಆ ಗೋಡೆಯಿಂದ ಈ ಗೋಡೆಗೆ.

"ಹೋಗಿ. ದಾಟಿ ಹೋಗಿ," ಅಂದಳು.

ಮಲಗಿದವರನ್ನು ದಾಟಬಾರದು. ಆ ಸೀಮೆಯಲ್ಲಿ ಹಾಲು ಕುಡಿಯುವ ಮಗುವನ್ನು ಬಿಟ್ಟು ಉಳಿದವರಿಗೆಲ್ಲ ಇದು ಗೊತ್ತು. ದಾಟಿದರೆ ದಾಟಿಸಿಕೊಂಡವರ ಆಯುಷ್ಯ ಹೋಗುತ್ತದೆ ಅನ್ನುತ್ತಾರೆ. ತುಳುವರೂ ಅನ್ನುತ್ತಾರೆ, ಬ್ಯಾರಿಗಳೂ ಅನ್ನುತ್ತಾರೆ, ಅಗಲ್ಪಾಡಿಯಲ್ಲಿಯೂ ಅನ್ನುತ್ತಾರೆ.

"ಏಳಿ ಅಮ್ಮ. ಇದೆಂಥದು, ಏಳಿ," ಅಂದರು ಡಾಕ್ಟರು.

"ನಂಬುದಿಲ್ಲ ಅಲ್ವಾ ನೀವು? ಓದಿದವರು. ಅವಳಿಗೆ ತಿಳಿಯುದೂ ಇಲ್ಲ ಅಂದ್ರಿ. ದಾಟಿ ಮತ್ತೆ. ನಿಮ್ಮ ಸ್ಕೋರಿನಲ್ಲಿ ನಾವು ಸತ್ತವರ ಲೆಕ್ಕವೇ."

ಡಾಕ್ಟರು ಒಂದು ಕಾಲು ಎತ್ತಿದರು. ಬೂಟು ಹುಡುಗಿಯ ಕಾಲಿನ ಮೇಲೆ ಬಂತು. ಅವರು ಕಾಲನ್ನು ಹಿಂದಕ್ಕೆ ತೆಗೆದು ಒಳಗೇ ಇಟ್ಟರು.

ರಂಶೀನಾ ಬಂದು ಕಮಲಳ ತಲೆಯ ಹತ್ತಿರ ನೆಲದಲ್ಲಿ ಕೂತಳು. "ಅವಳತ್ರವೇ ಕೇಳ್ಬೇಕಿತ್ತು ಸರ್," ಅಂದಳು. "ನಾವು ಯಾರೂ ಅವಳತ್ರ ಕೇಳಲೇ ಇಲ್ಲ."

ಡಾಕ್ಟರ ಹಿಂದೆ ಗುಮಾಸ್ತ ಇನ್ನೂ ಕ್ಯಾಮೆರಾ ಹಿಡಿದುಕೊಂಡೇ ಇದ್ದ, ಬಂದ್ ಮಾಡಲು ಅವನಿಗೆ ನೆನಪಾಗಿರಲಿಲ್ಲ. ಕೊನೆಗೆ ಡಾಕ್ಟರು ಪ್ಯಾಂಟು ಎಳೆದುಕೊಂಡು ಹೊಸ್ತಿಲ ಬಳಿ ಕುಕ್ಕರಗಾಲಿನಲ್ಲಿ ಕೂತರು. ಏನು ಕೇಳುವುದು, ಹೇಗೆ ಕೇಳುವುದು ಅಂತ ಅವರಿಗೆ ತಿಳಿಯಲಿಲ್ಲ.

"ಪೂಜಾಶ್ರೀ," ಅಂದರು. ಅಷ್ಟು ಹೊತ್ತಿನಲ್ಲಿ ಅವರು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಪೂಜಾಶ್ರೀ, ನಿನಗೆ ತುಂಬ ನೋವುಂಟಾ?"

ಹುಡುಗಿಯ ರೆಪ್ಪೆ ಅಲುಗಿತು. ಎಡಗೈ ಮುಷ್ಟಿಯಾಗಿಯೇ ಇತ್ತು. ಎಲ್ಲರೂ ಬಗ್ಗಿ ನೋಡಿದರು. ಅವಳು ಕಣ್ಣು ಬಿಡಲಿಲ್ಲ. ನಗಲಿಲ್ಲ, ಕಿರುಚಲಿಲ್ಲ. ತುಟಿ ಬಿಗಿಹಿಡಿದು ಹಾಗೆಯೇ ಇದ್ದಳು.

"ಉತ್ತರ ಕೊಡುದಿಲ್ಲ," ಅಂದರು ಡಾಕ್ಟರು.

"ಹೌದು. ಹಾಗೇ ಬರೀರಿ," ಅಂದಳು ಕಮಲ. ಮಗಳನ್ನು ಇನ್ನೂ ಬಿಗಿಯಾಗಿ ಎದೆಗೆ ಒತ್ತಿಕೊಂಡಳು. "ಕೇಳಿದೆವು, ಉತ್ತರ ಕೊಡಲಿಲ್ಲ ಅಂತ ಬರೀರಿ. ಅದರ ಜಾಗಕ್ಕೆ ಬೇರೆ ಎಂತದೂ ಹಾಕ್ಬೇಡಿ."